ಚಂದ್ರಾ ಲೇಔಟಿನ ಗೋಡೆಗಳಲ್ಲಿ ಮರುಭೂಮಿಯ ಸಸ್ಯಸಂಪತ್ತು: ಒಂದು ತಾತ್ತ್ವಿಕ ವಿಶ್ಲೇಷಣೆ

ಪ್ರಸ್ತುತ ಪ್ರಬಂಧವು ಚಂದ್ರಾ ಲೇಔಟಿನ ಮೂವತ್ತು-ನಲವತ್ತರ ಸೈಟಿನ ಮನೆಗಳಲ್ಲಿ, ಸೋಫಾದ ನೆತ್ತಿಯ ಮೇಲೆ 'ಸೆಟ್ ಆಫ್ ತ್ರೀ' ಆಗಿ ತೂಗುವ ಕಳ್ಳಿಚಿತ್ರಗಳನ್ನು ಬಹುಶಿಸ್ತೀಯ ನೆಲೆಯಲ್ಲಿ ಅವಲೋಕಿಸುತ್ತದೆ. ಅಧ್ಯಯನದ ಸೈದ್ಧಾಂತಿಕ ಚೌಕಟ್ಟು ಒಂದೂವರೆ ಅಡಿಗೆ ಎರಡಡಿ. ಮೇಲೆ ತೇಗದ ಬಣ್ಣ, ಒಳಗೆ ಎಂಡಿಎಫ್.

ಡಿಸೈನರ್ ಮೀಮಾಂಸೆಯ ಪ್ರಕಾರ ಅದು ಗೋಡೆಯಲ್ಲ, ಆಕ್ಸೆಂಟ್ ವಾಲ್. ಗಿಡವಲ್ಲ, ಬಯೋಫಿಲಿಕ್ ಎಲಿಮೆಂಟ್.

ಪ್ರಥಮ ವರ್ಗ, ಸಗ್ವಾರೊ. ಅರಿಜೋನಾದ ಈ ಮಹಾಕಳ್ಳಿಗೆ ಮೊದಲ ತೋಳು ಚಿಗುರಲು 50ರಿಂದ 75 ವರ್ಷ ಬೇಕು. ಫ್ರೇಮ್ ಅಂಗಡಿಯವನು ಸಂಜೆಯೊಳಗೆ ಮೂರು ತೋಳು ಕೊಡುತ್ತಾನೆ. ದ್ವಿತೀಯ ವರ್ಗ, ಪಾಪಾಸುಕಳ್ಳಿ. ಮುಳ್ಳಿನ ಗಿಡ ಮನೆಯೊಳಗೆ ಕೂಡದೆನ್ನುವ ವಾಸ್ತುಪಂಡಿತರು ಮುಳ್ಳಿನ ಚಿತ್ರದ ಬಗ್ಗೆ ಮೌನವಾಗಿರುವುದರಿಂದ, ಮೌನಂ ಸಮ್ಮತಿ ಲಕ್ಷಣಂ. ತೃತೀಯ ವರ್ಗ, ಅಗೇವ್. ಇದು ಬೇಲಿಯ ಕತ್ತಾಳೆಯೇ, ನಿಮ್ಮ ತಾತ ಇದರ ನಾರಿನಲ್ಲೇ ಹಗ್ಗ ಹೊಸೆದಿದ್ದು ಎಂದರೆ ಮನೆಯವರು ಕಾಫಿಗೂ ಕೇಳುವುದಿಲ್ಲ. ಇನ್ನೂ ನಾಲ್ಕು ವರ್ಗಗಳಿವೆ. ಎಲ್ಲವೂ ಹಸಿರಾಗಿವೆ, ಅಷ್ಟು ಸಾಕು.

ತಮಾಷೆಯೆಂದರೆ ಅಸಲಿ ರಸಭರಿತ ಸಸ್ಯ ಈ ಮನೆಗಳಲ್ಲಿ ಮೊದಲೇ ಇತ್ತು. ದೃಷ್ಟಿಯಾಗದಿರಲೆಂದು ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟಿದ ಲೋಳೆಸರ, ಮಣ್ಣೂ ಇಲ್ಲದೆ ನೀರೂ ಇಲ್ಲದೆ ತಿಂಗಳುಗಟ್ಟಲೆ ಬದುಕಿತ್ತು. 'ಲುಕ್ ಹಾಳಾಗುತ್ತೆ ಆಂಟಿ' ಎಂಬ ಒಂದೇ ಮಾತಿಗೆ ಅದು ಕಸದ ಗಾಡಿ ಹತ್ತಿತು.

ನನಗೆ ಸಸ್ಯಚಿತ್ರದ ಮೇಲೇನೂ ಹಗೆಯಿಲ್ಲ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ ಡಾಕ್ಟರ್ ಹ್ಯೂ ಕ್ಲೆಗಾರ್ನ್ ದಿನಕ್ಕೊಂದು ಗಿಡವನ್ನು ಮರಾಠಿ ಚಿತ್ರಕಾರನೊಬ್ಬನಿಂದ ಬರೆಸಿದ. ನಮ್ಮ ಗಿಡಗಳ ಆ ಹಾಳೆಗಳು ಈಗ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿ ಭದ್ರ. ಲಾಲ್‌ಬಾಗಿಗಾಗಿ ಚೆಲುವಯ್ಯ ರಾಜು ಗಿಡ ನೋಡಿ ನೋಡಿ ಬರೆದರು. ಅವರೆಲ್ಲ ಕಣ್ಣೆದುರಿನ ಗಿಡವನ್ನು ಬರೆದವರು. ನಾವೋ, ಕಣ್ಣೆದುರಿನದನ್ನು ಕಡಿಸುವವರು.

ನಮ್ಮ ಅಡ್ಡರಸ್ತೆಯ ಹೊಂಗೆಮರವನ್ನು ಕಡಿಸಿದ್ದು ಇಂಥದೇ ಬಯೋಫಿಲಿಕ್ ಮನೆಯವರು. ಕಾರು ತಿರುಗಿಸಲು ಅಡ್ಡವಂತೆ. ಬೇಸಿಗೆ ಬಂದರೆ ಕಡಲೆಪುರಿ ಚೆಲ್ಲಿದಂತೆ ಹೂವು ಬೀಳುತ್ತಿತ್ತು. ಅದನ್ನು ಅವರು ಕಸ ಎಂದರು. ಅದರಡಿ ಸೊಪ್ಪಿನ ಗಾಡಿ ನಿಲ್ಲುತ್ತಿತ್ತು, ಇಸ್ತ್ರಿಯವನು ಮೇಜು ಹಾಕಿಕೊಂಡಿದ್ದ. ನೆರಳು ಕೊಡುವುದನ್ನು ಉರುಳಿಸಿ, ನೆರಳೇ ಇಲ್ಲದ ಸೀಮೆಯ ಗಿಡಕ್ಕೆ ಗಾಜು ಹಾಕಿಸಿ, ಕೆಳಗೆ ಎಸಿ ಹಚ್ಚಿಕೊಂಡು ಕೂರುವವರಿಗೆ ಯಾವ ವರ್ಗೀಕರಣ ಮಾಡಲಿ? ಇಸ್ತ್ರಿಯವನು ಎಲ್ಲಿ ಹೋದನೋ.

ಮರವಿದ್ದ ಜಾಗ ಬೋಳಾಗಿ ಕಾಣುತ್ತದೆಂದು ಡಿಸೈನರ್ ಸಲಹೆ ಕೊಟ್ಟಿದ್ದಾರಂತೆ: ಸಿಮೆಂಟ್ ಕುಂಡದಲ್ಲಿ ಒಂದಾಳೆತ್ತರದ ಪ್ಲಾಸ್ಟಿಕ್ ಸಗ್ವಾರೊ. ನೀರು ಹಾಕುವ ಗೋಜಿಲ್ಲ, ಕಾರು ಬಂದಾಗ ಎತ್ತಿಟ್ಟರಾಯಿತು.