ಮೈನಸ್ ಕಂಪ್ಯೂಟರು

(ಚಿಕ್ಕಪೇಟೆಯ ಬಟ್ಟೆ ಅಂಗಡಿ. ಮಾರ್ಚ್ 31. ಫ್ಯಾನು ಮಾತ್ರ ನೆಮ್ಮದಿಯಾಗಿ ತಿರುಗುತ್ತಿದೆ.)

ಯಜಮಾನರು: ಏನ್ರೀ ಇದು, 60,000ದ ಕಂಪ್ಯೂಟರಿನ ಬೆಲೆ ಮೈನಸ್ 12,000 ಅಂತಿದೆ?

ಗುಮಾಸ್ತ: ಅದರ ಬೆಲೆ ಅದೇ ಹೇಳ್ಕೋತಿದೆ, ಯಜಮಾನ್ರೇ.

ಯಜಮಾನರು: ಅಂದ್ರೆ ಇದನ್ನ ಕದಿಯೋಕೆ ಬಂದವನ ಕೈಗೆ ನಾನೇ 12,000 ಇಟ್ಟು ಕಳಿಸ್ಬೇಕಾ?

ಗುಮಾಸ್ತ: ಲೆಕ್ಕದ ಪ್ರಕಾರ ಹೌದು. ಆದಾಯ ತೆರಿಗೆಯಲ್ಲಿ ಕಂಪ್ಯೂಟರಿಗೆ ಸವಕಳಿ ಶೇ. 40. ಮೊದಲ ವರ್ಷ 24,000 ಕಳೀತು. ಮುಂದಿನ ವರ್ಷ ಉಳಿದ 36,000ಕ್ಕೆ ಶೇ. 40 ಹಾಕಬೇಕಿತ್ತು. ನಿಮ್ಮ ಅಳಿಯಂದ್ರು ಲೆಕ್ಕದ ಸಾಫ್ಟ್‌ವೇರಿನ ಸೆಟ್ಟಿಂಗ್ಸಿನಲ್ಲಿ ‘ಮೂಲ ಬೆಲೆಯ ಮೇಲೆ’ ಅಂತ ಒತ್ತಿಬಿಟ್ರು. ವರ್ಷವರ್ಷವೂ 24,000! ಮೂರನೇ ವರ್ಷಕ್ಕೆ ನೆಲಮಾಳಿಗೆ ಸೇರ್ತು.

ಯಜಮಾನರು: ಸರಿಯಾಗಿ ಒತ್ತಿದ್ರೆ?

ಗುಮಾಸ್ತ: 12,960 ಉಳೀತಿತ್ತು. ಆ ದಾರೀಲಿ ಎಷ್ಟು ವರ್ಷ ಕಳೆದರೂ ಸೊನ್ನೆ ಮುಟ್ಟಲ್ಲ.

ಯಜಮಾನರು: ಅಳಿಯ ಸಹಾಯವಾಣಿಗೆ ಫೋನ್ ಮಾಡಿದ್ನಂತಲ್ಲ?

ಗುಮಾಸ್ತ: ‘ಆಫ್ ಮಾಡಿ ಆನ್ ಮಾಡಿ’ ಅಂದ್ರು. ಮಾಡಿದ್ವಿ. ಮೈನಸ್ಸು ಇನ್ನೂ ಬೇಗ ಬಂತು.

ಯಜಮಾನರು: (ಗಾಬರಿಯಿಂದ) ನಮ್ಮಜ್ಜನ ತೇಗದ ಗಲ್ಲಾಪೆಟ್ಟಿಗೆಗೆ ಎಷ್ಟು ತೋರಿಸ್ತಿದೆ?

ಗುಮಾಸ್ತ: ಅದನ್ನ ಅಳಿಯಂದ್ರು ಇನ್ನೂ ಎಂಟ್ರಿ ಮಾಡಿಲ್ಲ.

ಯಜಮಾನರು: ಸದ್ಯ! ಅವನು ಬರೋದ್ರೊಳಗೆ ಅದರ ಮೇಲೊಂದು ಪಂಚೆ ಹೊದಿಸಿ.