ಎಂಜಿನ್ ಬುಲೆಟಿನ್ ಹೊರಡಿಸಿ, ಮಹಾಸ್ವಾಮಿ

ಅಮೆರಿಕದ ರಸ್ತೆಗಳಿಗೆ ಕಾರು ಮಾಡಿ ಬಿಡುವ ಸಮಸ್ತ ಕಂಪನಿಗಳ ಗ್ರಾಹಕ ಸಂತೃಪ್ತಿ ವಿಭಾಗದ ಮುಖ್ಯಸ್ಥರಿಗೆ, ಉತ್ತರ ವರ್ಜೀನಿಯಾದ ಆಶ್‌ಬರ್ನ್‌ನಿಂದ ಒಬ್ಬ ಕನ್ನಡಿಗ ಮಾಡುವ ವಿಜ್ಞಾಪನೆಗಳು.

ಇತ್ತ ಎಂಜಿನ್ ಒಂದನ್ನು ಬಿಟ್ಟು ಉಳಿದವರೆಲ್ಲ ಕ್ಷೇಮ. ಅತ್ತ ತಾವೂ ತಮ್ಮ ಷೇರುದಾರರೂ ಕ್ಷೇಮವೆಂದು ಪೇಪರಿನಲ್ಲಿ ಓದಿ ಸಂತೋಷವಾಯಿತು.

ತಾವು ಕಳಿಸಿದ ರಿಕಾಲ್ ಪತ್ರ ತಲುಪಿತು. ಪಿಜ್ಜಾ ಕೂಪನ್ನು, ವಾರಂಟಿ ಮುಗಿಯುತ್ತಿದೆ ಎಂದು ಹೆದರಿಸುವ ಕಾಗದ, ಇವುಗಳ ಜೊತೆ ಅದೂ ಕಸದ ಬುಟ್ಟಿ ಸೇರಬೇಕಿತ್ತು. 2014ರಿಂದ ಇಂಥ ಲಕೋಟೆಯ ಮೇಲೆ ಸರ್ಕಾರದ ಲಾಂಛನವಿರುವ ಲೇಬಲ್ ಕಡ್ಡಾಯವಾದ್ದರಿಂದ ಬಚಾವಾಯಿತು. ಒಳಗೆ ಇದ್ದದ್ದು ಇಷ್ಟು: ನನ್ನ ಕಾರಿನ ಕನೆಕ್ಟಿಂಗ್ ರಾಡ್ ಬೇರಿಂಗು ಅಕಾಲದಲ್ಲಿ ಸವೆಯಬಹುದು, ಓಡುತ್ತಿರುವಾಗಲೇ ಎಂಜಿನ್ ನಿಂತುಹೋಗಬಹುದು, ಬೆಂಕಿಯೂ ಹತ್ತಬಹುದು, ಪರಿಹಾರ ಸದ್ಯಕ್ಕೆ ಸಿದ್ಧವಿಲ್ಲ, ಸಿದ್ಧವಾದಾಗ ಇನ್ನೊಂದು ಪತ್ರ ಬರುತ್ತದೆ. ದೋಷವನ್ನು ಸರ್ಕಾರಕ್ಕೆ ತಿಳಿಸಿದ 60 ದಿನದೊಳಗೆ ಮಾಲೀಕರಿಗೆ ಪತ್ರ ಹೋಗಬೇಕೆಂದು ನಿಯಮವಿದೆ. ಪತ್ರ ಹೊತ್ತಿಗೆ ಸರಿಯಾಗಿ ಬಂತು. ಅಂಚೆಯ ವಿಷಯದಲ್ಲಿ ತಮ್ಮ ಶಿಸ್ತನ್ನು ಮೆಚ್ಚಲೇಬೇಕು.

ಇದು ತಮ್ಮಲ್ಲಿ ಯಾವ ಕಂಪನಿಯ ಕಾಗದ ಎಂದು ನಾನು ಬಾಯಿ ಬಿಡುವುದಿಲ್ಲ. ನಮ್ಮಜ್ಜಿ ಗಂಡನ ಹೆಸರು ಹೇಳದೆಯೇ ಜೀವಮಾನವಿಡೀ ಸಂಸಾರ ಮಾಡಿದ ಹಾಗೆ, ನಾನೂ ಸಾಲದ ಕಂತು ತೀರುವವರೆಗೆ ಮಾಡುತ್ತೇನೆ. ತಾವೂ ಅಷ್ಟೆ, ನನ್ನ ಹೆಸರು ಹಿಡಿದು ಕರೆದಿಲ್ಲ. ‘ಅಮೂಲ್ಯ ಗ್ರಾಹಕರೇ’ ಎಂದಿದ್ದೀರಿ.

ಕಾಯುವುದು ನಮಗೇನೂ ಹೊಸದಲ್ಲ. ಇಲ್ಲಿ ಕಾವೇರಿ ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲಿ ಒಮ್ಮೆ ನಿಂತು ನೋಡಿ. ಬಿಸಿಬೇಳೆಬಾತಿನ ಟ್ರೇ ಮುಟ್ಟುವಷ್ಟರಲ್ಲಿ ನಾಲ್ಕಾರು ಜನರ ಗ್ರೀನ್ ಕಾರ್ಡ್ ಸಾಲಿನ ಪ್ರಯಾರಿಟಿ ಡೇಟ್ ಕಿವಿಗೆ ಬಿದ್ದಿರುತ್ತದೆ. ಅಟ್ಲಾಂಟಾದ ನೃಪತುಂಗ ಕನ್ನಡ ಕೂಟಕ್ಕೆ ಹೋದರೂ ಅದೇ ಮಾತು, ಷಾರ್ಲಟ್‌ನಲ್ಲೂ ಅದೇ. ಮಗು ಹುಟ್ಟಿ, ಹೈಸ್ಕೂಲು ಮುಗಿಸಿ, ಕಾಲೇಜಿಗೆ ಹೋದರೂ ಅಪ್ಪನ ಗ್ರೀನ್ ಕಾರ್ಡು ಬಂದಿರುವುದಿಲ್ಲ. ಈಗ ಆ ಸಾಲಿಗೆ ಎಂಜಿನ್ನೂ ಬಂದು ಸೇರಿದೆ. “ನಿಮ್ದು ಬಂತಾ?” ಎಂದು ಯಾರಾದರೂ ಕೇಳಿದರೆ, ಕಾರ್ಡೋ ಎಂಜಿನ್ನೋ ಎಂದು ಬಿಡಿಸಿ ಕೇಳಿಕೊಂಡೇ ಉತ್ತರ ಕೊಡಬೇಕಾಗಿದೆ.

ಆದರೆ ಒಂದು ವ್ಯತ್ಯಾಸ. ಗ್ರೀನ್ ಕಾರ್ಡಿಗೆ ಅಮೆರಿಕದ ವಿದೇಶಾಂಗ ಇಲಾಖೆ ತಿಂಗಳು ತಿಂಗಳು ವೀಸಾ ಬುಲೆಟಿನ್ ಹೊರಡಿಸುತ್ತದೆ. ಸಾಲು ಒಂದು ವಾರ ಮುಂದೆ ಹೋಯಿತೋ, ಎರಡು ವರ್ಷ ಹಿಂದಕ್ಕೆ ಬಿತ್ತೋ, ಅದನ್ನಾದರೂ ನೋಡಿ ನಿಟ್ಟುಸಿರು ಬಿಡಬಹುದು. ತಾವೂ ಒಂದು ಎಂಜಿನ್ ಬುಲೆಟಿನ್ ಹೊರಡಿಸಬಾರದೇ? “2019ರ ಮಾರ್ಚ್ 8ಕ್ಕಿಂತ ಮುಂಚೆ ಎಂಜಿನ್ನಿನಲ್ಲಿ ಟಕಟಕ ಶುರುವಾದವರು ಈ ತಿಂಗಳು ಅರ್ಹರು. ಬರೀ ಎಣ್ಣೆ ಕುಡಿಯುವ ಎಂಜಿನ್ನಿನವರು ಎರಡನೇ ವರ್ಗ. ಇನ್ನೂ ಏನೂ ಆಗಿಲ್ಲ, ಸುಮ್ಮನೆ ಭಯ ಎನ್ನುವವರು ಮೂರನೇ ವರ್ಗ. ಬೇಡಿಕೆ ಹೆಚ್ಚಿದಲ್ಲಿ ದಿನಾಂಕಗಳನ್ನು ಹಿಂದಕ್ಕೆ ಸರಿಸಲಾಗುವುದು.” ಇಷ್ಟು ಬರೆದು ಹಾಕಿದರೆ ಸಾಕು ಸ್ವಾಮಿ, ನಾವು ಇನ್ನೊಂದು ದಶಕ ಕಮಕ್ ಕಿಮಕ್ ಅನ್ನುವುದಿಲ್ಲ. ನಮ್ಮನ್ನು ಅದಕ್ಕಾಗಿಯೇ ಪಳಗಿಸಲಾಗಿದೆ.

ಗಾಡಿ ತಂದ ದಿನ ನಾವು ಮಾಡಬೇಕಾದ್ದನ್ನೆಲ್ಲ ಮಾಡಿದ್ದೆವು. ಮೇರಿಲ್ಯಾಂಡಿನ ಲ್ಯಾನ್‌ಹ್ಯಾಮ್‌ನಲ್ಲಿರುವ ಶಿವ ವಿಷ್ಣು ದೇವಸ್ಥಾನಕ್ಕೆ ಒಯ್ದು ವಾಹನ ಪೂಜೆ ಮಾಡಿಸಿ, ನಾಲ್ಕು ಟೈರಿಗೆ ನಾಲ್ಕು ನಿಂಬೆಹಣ್ಣು ಇಟ್ಟು, ಅವುಗಳ ಮೇಲೆ ಗಾಡಿ ಹತ್ತಿಸಿದೆವು. ಟೈರುಗಳು ಇವತ್ತಿಗೂ ಗಟ್ಟಿಯಾಗಿವೆ. ಒಳಗೆ ಯಾವ ಬೇರಿಂಗಿಗೆ ದೃಷ್ಟಿ ತಗಲುತ್ತದೆ ಎಂದು ತಾವು ಮೊದಲೇ ಸುಳಿವು ಕೊಟ್ಟಿದ್ದರೆ ಭಟ್ಟರು ಬಾನೆಟ್ ತೆಗೆಸಿ ಅಲ್ಲಿಗೂ ಒಂದು ನಿಂಬೆಹಣ್ಣು ತೋರಿಸುತ್ತಿದ್ದರು.

ಡೀಲರ್ ಹತ್ತಿರ ಹೋಗಿ ಬಂದದ್ದನ್ನೂ ಅರಿಕೆ ಮಾಡಿಬಿಡುತ್ತೇನೆ. ಸರ್ವಿಸ್ ಅಡ್ವೈಸರ್ ಬಹಳ ಸಭ್ಯ ಹುಡುಗ. ಗಾಡಿಯ 17 ಅಕ್ಷರದ ವಿನ್ ನಂಬರು ಒತ್ತಿ, ರಿಕಾಲ್ ಇದೆ, ಬಿಡಿಭಾಗ ಇಲ್ಲ ಎಂದ. ಬಂದದ್ದು ಬಂದಿರಿ, ಪುಕ್ಕಟೆಯಾಗಿ ಗಾಡಿ ತಪಾಸಣೆ ಮಾಡಿಕೊಡುತ್ತೇವೆ ಎಂದು ಕೂರಿಸಿದ. ಸದ್ದು ನಿಲ್ಲಿಸಿದ ಟಿವಿಯ ಎದುರು ಕೂತು ಪೇಪರ್ ಕಪ್ಪಿನ ಕಾಫಿ ಮುಗಿಸುವಷ್ಟರಲ್ಲಿ ಅವನು ಎರಡೂ ಕೈಯಲ್ಲಿ ಏನನ್ನೋ ಹಿಡಿದು ಬಂದ. ಕ್ಯಾಬಿನ್ ಏರ್ ಫಿಲ್ಟರ್. ಬೂದಿ ಬಣ್ಣಕ್ಕೆ ತಿರುಗಿತ್ತು, ಮಡಿಕೆಯ ನಡುವೆ ಒಂದು ಮೇಪಲ್ ಎಲೆ ಸಿಕ್ಕಿಕೊಂಡಿತ್ತು. ಎಲೆಯನ್ನು ತೋರುಬೆರಳಿನಿಂದ ತೋರಿಸಿ, “ಇದನ್ನೇ ಸರ್, ನಿಮ್ಮ ಮಕ್ಕಳು ಉಸಿರಾಡುತ್ತಿರುವುದು” ಎಂದ. ಕೈಗೆ ಬಂದ ತಪಾಸಣೆಯ ಹಾಳೆಯಲ್ಲಿ ಫಿಲ್ಟರಿಗೆ ಕೆಂಪು, ವೈಪರಿಗೆ ಹಳದಿ. ಎಂಜಿನ್ನಿಗೆ ಹಸಿರು.

ವರ್ಜೀನಿಯಾ ರಾಜ್ಯವೂ ತಮ್ಮ ಪರವಾಗಿಯೇ ಇದೆ. ಇಲ್ಲಿ ವರ್ಷಕ್ಕೊಮ್ಮೆ ಸುರಕ್ಷತಾ ತಪಾಸಣೆ ಕಡ್ಡಾಯ. ಹಾರ್ನು, ಬ್ರೇಕ್ ದೀಪ, ವೈಪರು ನೋಡಿ ಗಾಜಿಗೆ ಸ್ಟಿಕ್ಕರ್ ಅಂಟಿಸಿದರು. ನನ್ನ ಗಾಡಿ ಈಗ ಸರ್ಕಾರದ ಲೇಬಲ್ ಪ್ರಕಾರ ಅಪಾಯಕಾರಿ, ಸರ್ಕಾರದ ಸ್ಟಿಕ್ಕರ್ ಪ್ರಕಾರ ಸುರಕ್ಷಿತ.

ಅಟ್ಲಾಂಟಾ ಹೊರವಲಯದ ಕಮ್ಮಿಂಗ್‌ನಲ್ಲಿರುವ ಸ್ನೇಹಿತರಿಗೆ ಬಂದ ಪತ್ರದಲ್ಲಿ ಇನ್ನೂ ಒಂದು ಸಾಲಿತ್ತು: ರಿಪೇರಿ ಆಗುವವರೆಗೆ ಗಾಡಿಯನ್ನು ಗ್ಯಾರೇಜಿನಲ್ಲಿ ಇಡಬೇಡಿ, ಮನೆಯಿಂದ ದೂರ, ಬಯಲಿನಲ್ಲಿ ನಿಲ್ಲಿಸಿ. ಪಾಪ, ಹಾಗೇ ಮಾಡಿದರು. ರಾತ್ರಿ ರಸ್ತೆಯಲ್ಲಿ ಗಾಡಿ ನಿಲ್ಲಿಸುವುದು ಬಡಾವಣೆಯ ನಿಯಮಕ್ಕೆ ವಿರುದ್ಧ ಎಂದು ಅಲ್ಲಿನ ನಿವಾಸಿಗಳ ಸಂಘ ನೋಟಿಸು ಕೊಟ್ಟಿತು. ಹಾಸನದಿಂದ ಬಂದಿದ್ದ ಅವರ ತಾಯಿ ಎರಡೂ ಕಾಗದ ಓದಿಸಿಕೊಂಡು ಕೇಳಿದರಂತೆ: “ಅಲ್ಲ ಕಣೋ, ಬೆಂಕಿ ಹತ್ಕೊಳ್ಳೋ ಗಾಡಿ ಮನೆ ಹತ್ರ ನಿಲ್ಲಿಸ್ಬಾರ್ದು. ಸರಿ. ಅದರೊಳಗೆ ಕೂಸನ್ನ ಕೂರಿಸ್ಕೊಂಡು ಸ್ಕೂಲಿಗೆ ಬಿಟ್ಟು ಬರಬೋದಾ?” ಈ ಪ್ರಶ್ನೆಗೆ ತಮ್ಮ ಸಹಾಯವಾಣಿಯಲ್ಲಿ ಯಾವ ನಂಬರ್ ಒತ್ತಬೇಕು, ದಯವಿಟ್ಟು ತಿಳಿಸುವುದು.

ನಾರ್ತ್ ಕ್ಯಾರೊಲಿನಾದ ಕ್ಯಾರಿಯಲ್ಲಿರುವ ಇನ್ನೊಬ್ಬರದು ಬೇರೆ ಕಥೆ. ಪತ್ರ ಬರುವ ಮುಂಚೆಯೇ ಅವರ ಎಂಜಿನ್ ಐ-40ರಲ್ಲಿ ಪ್ರಾಣ ಬಿಟ್ಟಿತ್ತು. ಸ್ವಂತ ಖರ್ಚಿನಲ್ಲಿ ಎಂಜಿನ್ ಹಾಕಿಸಿ, ಆಮೇಲೆ ಹಣ ವಾಪಸ್ ಕೇಳಿದರು. ಮಾಲೀಕರ ನಿರ್ಲಕ್ಷ್ಯ ಇರಲಿಲ್ಲ ಎನ್ನುವುದಕ್ಕೆ ಆಯಿಲ್ ಬದಲಾಯಿಸಿದ ಅಷ್ಟೂ ಬಿಲ್ಲು ಕೊಡಿ ಎಂಬ ಉತ್ತರ ಬಂತು. ಅವರಿಗೆ ಖುಷಿಯೋ ಖುಷಿ. ಎಲ್‌ಐಸಿ ಕಂತಿನ ರಸೀದಿಯನ್ನು ದಾರದಲ್ಲಿ ಪೋಣಿಸಿ ಮೊಳೆಗೆ ನೇತುಹಾಕುತ್ತಿದ್ದ ಮನೆತನ ಅವರದು. ಒಂದು ಬಿಲ್ಲೂ ಎಸೆದವರಲ್ಲ. ಫೈಲು ಬಿಚ್ಚಿದರೆ ಎಲ್ಲ ಥರ್ಮಲ್ ಕಾಗದ. ಅಕ್ಷರ ಅಳಿಸಿಹೋಗಿ ಹಾಳೆಗಳು ಅಚ್ಚ ಬಿಳಿಯಾಗಿದ್ದವು. ಆದರೂ ದಿನಾಂಕದ ಕ್ರಮದಲ್ಲಿಯೇ ಇದ್ದವು.

ತಮ್ಮ ಕುಲದ ಚರಿತ್ರೆಯನ್ನೂ ಸ್ವಲ್ಪ ಓದಿಕೊಂಡೆ. ನಮ್ಮ ಊರುಗಳನ್ನು ಪೋಣಿಸಿರುವ ರಸ್ತೆಯಲ್ಲೇ ಅದೂ ಸಿಗುತ್ತದೆ. ವಾಷಿಂಗ್ಟನ್‌ನಿಂದ ಐ-95 ಹಿಡಿದು ಪೀಟರ್ಸ್‌ಬರ್ಗಿಗೆ ಇಳಿದರೆ ಅಲ್ಲಿಂದ ಐ-85 ಶುರು; ಡರಮ್, ಷಾರ್ಲಟ್, ಗ್ರೀನ್‌ವಿಲ್, ಅಟ್ಲಾಂಟಾ ದಾಟಿ, ವೆಸ್ಟ್ ಪಾಯಿಂಟ್‌ನ ಕಿಯಾ ಕಾರ್ಖಾನೆಯ ಪಕ್ಕದಲ್ಲೇ ಹಾದು, ಹ್ಯುಂಡೈ ಕಾರ್ಖಾನೆ ಇರುವ ಅಲಬಾಮಾದ ಮಾಂಟ್‌ಗಮರಿಯಲ್ಲಿ ಮುಗಿಯುತ್ತದೆ. ಆ ತುದಿಯಲ್ಲಿ ಎಂಜಿನ್ ಹುಟ್ಟುತ್ತದೆ. ಈ ತುದಿಯಲ್ಲಿ, ವಾಷಿಂಗ್ಟನ್ನಿನ 1200 ನ್ಯೂಜೆರ್ಸಿ ಅವೆನ್ಯೂದಲ್ಲಿರುವ ಹೆದ್ದಾರಿ ಸುರಕ್ಷತಾ ಸಂಸ್ಥೆಯಲ್ಲಿ, ಅದರ ಮೇಲಿನ ದೂರು ದಾಖಲಾಗುತ್ತದೆ. ನಡುವಿನ ಸಾವಿರಾರು ಸಂಸಾರಗಳು ಗಾಡಿ ಓಡಿಸಿಕೊಂಡಿರುತ್ತವೆ.

2015ರ ಸೆಪ್ಟೆಂಬರಿನಲ್ಲಿ ಹ್ಯುಂಡೈ ಸುಮಾರು 4.7 ಲಕ್ಷ ಸೊನಾಟಾಗಳನ್ನು ವಾಪಸ್ ಕರೆಯಿತು. ಕಾರಣ, ಕ್ರ್ಯಾಂಕ್‌ಶಾಫ್ಟ್ ಕೊರೆಯುವಾಗ ಉಳಿದ ಲೋಹದ ಚೂರು. ಅದು ಎಣ್ಣೆಯ ದಾರಿಗೆ ಅಡ್ಡ ಕೂತರೆ ಬೇರಿಂಗಿಗೆ ಎಣ್ಣೆ ಸಿಗುವುದಿಲ್ಲ, ಕಾದು ಸವೆಯುತ್ತದೆ, ರಾಡು ಬಡಿದುಕೊಳ್ಳುತ್ತದೆ. ಮುರಿದರೆ ಬ್ಲಾಕನ್ನೇ ಒಡೆದು ಹೊರಗೆ ಬರುತ್ತದೆ, ಬಿಸಿ ಎಣ್ಣೆ ಎಕ್ಸಾಸ್ಟಿನ ಮೇಲೆ ಚೆಲ್ಲಿ ಬೆಂಕಿ. 2017ರಲ್ಲಿ ಕಿಯಾವೂ ಸೇರಿ ಇನ್ನೂ ಸುಮಾರು 12 ಲಕ್ಷ ಗಾಡಿ. ಕರೆಯುವುದಕ್ಕೆ ತಡ ಮಾಡಿದಿರಿ, ಸರಿಯಾದ ಮಾಹಿತಿ ಕೊಡಲಿಲ್ಲ ಎಂದು 2020ರಲ್ಲಿ ಎರಡೂ ಕಂಪನಿಗಳಿಗೆ ಒಟ್ಟು 21 ಕೋಟಿ ಡಾಲರಿನ ದಂಡ ನಿಗದಿಯಾಯಿತು.

ಈ ಲೋಪಗಳನ್ನು ಹೊರಗೆಡವಿದ್ದು ತಮ್ಮ ಗ್ರಾಹಕ ಸಂತೃಪ್ತಿ ವಿಭಾಗ ಅಲ್ಲ. ಸೋಲ್‌ನಲ್ಲಿ ಹ್ಯುಂಡೈಯ ಗುಣಮಟ್ಟ ವಿಭಾಗದಲ್ಲಿದ್ದ ಕಿಮ್ ಗ್ವಾಂಗ್-ಹೋ ಎಂಬ ಎಂಜಿನಿಯರು, 2016ರ ಆಗಸ್ಟಿನಲ್ಲಿ ಕಡತ ಹೊತ್ತು ಅಷ್ಟು ದೂರದಿಂದ ಇದೇ ವಾಷಿಂಗ್ಟನ್ನಿಗೆ ಬಂದರು. ಅದೇ ವರ್ಷ ಕಂಪನಿ ಅವರನ್ನು ಕೆಲಸದಿಂದ ತೆಗೆಯಿತು. ಐದು ವರ್ಷದ ಮೇಲೆ ಅಮೆರಿಕ ಸರ್ಕಾರ ಅವರಿಗೆ 2.4 ಕೋಟಿ ಡಾಲರಿಗೂ ಹೆಚ್ಚು ಬಹುಮಾನ ಕೊಟ್ಟಿತು. ಲಕ್ಷಾಂತರ ಗಾಡಿಗಳನ್ನು ವಾಪಸ್ ಕರೆಯುವುದಕ್ಕೆ ವರ್ಷಗಳು ಬೇಕು. ಒಬ್ಬ ಎಂಜಿನಿಯರನ್ನು ಹೊರಗೆ ಕಳಿಸುವುದಕ್ಕೆ ಬಿಡಿಭಾಗ ಬರುವವರೆಗೆ ಕಾಯಬೇಕಿಲ್ಲ.

ಪರಿಹಾರಗಳ ವಿಷಯದಲ್ಲಿ ತಮ್ಮ ಕಲ್ಪನಾಶಕ್ತಿಗೆ ಶರಣು. 2025ರ ಏಪ್ರಿಲಿನಲ್ಲಿ ಜನರಲ್ ಮೋಟರ್ಸ್ ಅಮೆರಿಕದಲ್ಲಿ ಸುಮಾರು 6 ಲಕ್ಷ ದೊಡ್ಡ ಗಾಡಿಗಳನ್ನು ಕರೆಯಿತು. ಎಸ್ಕಲೇಡ್, ಟಾಹೋ, ಸಿಲ್ವರಾಡೊ, 6.2 ಲೀಟರಿನ ವಿ8. ಪರೀಕ್ಷೆಯಲ್ಲಿ ಫೇಲಾದ ಗಾಡಿಗೆ ರಿಪೇರಿ, ಇಲ್ಲವೇ ಹೊಸ ಎಂಜಿನ್. ಪಾಸಾದರೆ ಇನ್ನೂ ದಪ್ಪಗಿನ ಎಣ್ಣೆ, ಹೊಸ ಫಿಲ್ಟರು, ಎಣ್ಣೆ ಸುರಿಯುವ ಬಾಯಿಗೆ ಹೊಸ ಮುಚ್ಚಳ, ಮತ್ತು ಕೈಪಿಡಿಗೆ ಸೇರಿಸಿಕೊಳ್ಳಲು ಒಂದು ಹಾಳೆ. ಲಕ್ಷ ಡಾಲರಿನ ಆಸುಪಾಸಿನ ಗಾಡಿಗೆ ಒಂದು ಹಾಳೆ! ಟೊಯೋಟಾ 2024ರಲ್ಲಿ ಟಂಡ್ರಾ ಮತ್ತು ಲೆಕ್ಸಸ್ ಸೇರಿ ಲಕ್ಷ ಚಿಲ್ಲರೆ ಗಾಡಿಗಳಿಗೆ ಎಂಜಿನ್ನನ್ನೇ ಬದಲಿಸುವುದಾಗಿ ಹೇಳಿತು. ಅಂದರೆ ಮನಸ್ಸು ಮಾಡಿದರೆ ಆಗುತ್ತದೆ. ತಮ್ಮ ಬಳಗದಲ್ಲಿ ಇಂಥ ಕೆಟ್ಟ ಮೇಲ್ಪಂಕ್ತಿ ಹಾಕಿದವರಿಗೆ ಸ್ವಲ್ಪ ಬುದ್ಧಿ ಹೇಳಿ.

ಕಾನೂನಿನ ಬಗ್ಗೆಯೂ ನನಗೆ ಗೌರವ ಹೆಚ್ಚಿದೆ. ರಿಕಾಲ್ ಬಾಕಿ ಇರುವ ಹೊಸ ಗಾಡಿಯನ್ನು ಡೀಲರ್ ಮಾರುವ ಹಾಗಿಲ್ಲ. 35 ಅಥವಾ ಅದಕ್ಕಿಂತ ಹೆಚ್ಚು ಗಾಡಿ ಇರುವ ಬಾಡಿಗೆ ಕಂಪನಿ ಅದನ್ನು ಬಾಡಿಗೆಗೆ ಕೊಡುವ ಹಾಗಿಲ್ಲ. ಅದೇ ಗಾಡಿಯನ್ನು ಸೆಕೆಂಡ್ ಹ್ಯಾಂಡ್ ಎಂದು ಮಾರಲು ಫೆಡರಲ್ ಕಾನೂನಿನ ಅಡ್ಡಿಯಿಲ್ಲ, ಮನೆಮಂದಿಯನ್ನು ಕೂರಿಸಿಕೊಂಡು ಅಟ್ಲಾಂಟಾ ಹತ್ತಿರದ ರಿವರ್‌ಡೇಲ್ ವೆಂಕಟೇಶ್ವರನ ದರ್ಶನಕ್ಕೆ ಹೋಗಿಬರಲೂ ಅಡ್ಡಿಯಿಲ್ಲ. ಬಾಡಿಗೆಗೆ ಬಂದ ಅಪರಿಚಿತನಿಗಿರುವ ರಕ್ಷಣೆ ಕಂತು ಕಟ್ಟುವ ಮಾಲೀಕನಿಗೆ ಬೇಡವೆಂದು ಯಾರು ನಿರ್ಧರಿಸಿದರೋ, ಅವರ ವಿಳಾಸ ಸಿಕ್ಕರೆ ಕಳಿಸಿಕೊಡಿ.

ಕೊನೆಯದಾಗಿ ಒಂದು ಸಣ್ಣ ವ್ಯವಹಾರದ ಮಾತು. ತಮ್ಮ ಪತ್ರದಲ್ಲಿ ರಿಪೇರಿ ‘ಸಮಂಜಸವಾದ ಕಾಲಾವಧಿಯಲ್ಲಿ’ ಆಗದಿದ್ದರೆ ದೂರು ಕೊಡಬಹುದು ಎಂದಿದೆ. ಆ ಕಾಲಾವಧಿ ನನಗೂ ಬಹಳ ಹಿಡಿಸಿತು. ಆದ್ದರಿಂದ ತಮ್ಮ ಹಣಕಾಸು ಶಾಖೆಗೆ ಈ ತಿಂಗಳ ಕಂತಿನ ಬದಲು ಒಂದು ಮಧ್ಯಂತರ ಪತ್ರ ಹಾಕಿದ್ದೇನೆ. ಅದರ ಒಕ್ಕಣೆ:

“ಅಮೂಲ್ಯ ಸಾಲದಾತರೇ, ತಮಗೆ ಸಲ್ಲಬೇಕಾದ ಕಂತಿನಲ್ಲಿ ದೋಷ ಕಂಡುಬಂದಿದೆ. ಅದು ಮುನ್ಸೂಚನೆ ಇಲ್ಲದೆ ನಿಂತುಹೋಗುವ ಸಾಧ್ಯತೆ ಇದೆ. ಹಣ ಸದ್ಯಕ್ಕೆ ಸಿದ್ಧವಿಲ್ಲ. ಸಿದ್ಧವಾದಾಗ ಇನ್ನೊಂದು ಪತ್ರ ಕಳಿಸುತ್ತೇವೆ. ಅಲ್ಲಿಯವರೆಗೆ ತಾವು ಎಂದಿನಂತೆ ಕಚೇರಿ ನಡೆಸಿಕೊಂಡು ಹೋಗಬಹುದು. ಖಜಾನೆಯಲ್ಲಿ ಅಸಹಜ ಸದ್ದು ಕೇಳಿದರೆ ಪಕ್ಕಕ್ಕೆ ನಿಲ್ಲಿಸಿ, ಸಹಾಯವಾಣಿಗೆ ಕರೆ ಮಾಡಿ.”

ಇಂತಿ,
ಒಬ್ಬ ಕಂತುದಾರ