ಇಂಧನ ಸಂತರ್ಪಣ ಮೀಮಾಂಸೆ

ಕಾರಿಗೆ ಪೆಟ್ರೋಲ್ ಹಾಕಿಸುವುದು ಲೋಕವ್ಯವಹಾರ. ಹಾಕಿಸಿದ ಪೆಟ್ರೋಲು ಎಂಜಿನ್ನಿಗೆ ಸಾಲುತ್ತಿದೆಯೇ ಎಂದು ನಡುರಾತ್ರಿ ಎದ್ದು ಕೂತು ಚಿಂತಿಸುವುದು ಶಾಸ್ತ್ರ. ಪ್ರಸ್ತುತ ಪ್ರಬಂಧ ಎರಡನೆಯ ವರ್ಗದ್ದು. ಇದರ ಆಕರ ಒಂದೇ, ನನ್ನ ಭಾವಮೈದನ ಫಿಯಟ್ ಅಬಾರ್ತ್ ಪುಂಟೊ. 2015ರಲ್ಲಿ ನಮ್ಮ ಪೇಟೆಗೆ ಬಂದ, 1368 ಸಿ.ಸಿ.ಯ, ಟರ್ಬೊ ಹೊತ್ತ, 145 ಬಿಎಚ್‌ಪಿಯ ಈ ಹ್ಯಾಚ್‌ಬ್ಯಾಕು ಮೂಲಪಾಠ. "ಇನ್ನೂರಿಪ್ಪತ್ತು ಮಾಡ್ಸೋಣ ಭಾವ" ಎಂದು ಅವನು ಆಡಿದ್ದು ಸೂತ್ರ. ಮಿಕ್ಕಿದ್ದು ನನ್ನ ಭಾಷ್ಯ. ಭಾಷ್ಯದ ಖರ್ಚಿನಲ್ಲಿ ಅರ್ಧ ನನ್ನ ಪಾಲಿಗೆ ಹೇಗೆ ಬಂತೆಂಬುದು ಈ ಅಧ್ಯಯನದ ವ್ಯಾಪ್ತಿಗೆ ಹೊರತು.

ಎಂಜಿನ್ ಎಂದರೆ ಮದುವೆಮನೆಯ ಪಂಕ್ತಿ. ಗಾಳಿಯೇ ನೆಂಟರು, ಪೆಟ್ರೋಲೇ ಸಾರು. 14.7 ಕೆಜಿ ಗಾಳಿಗೆ ಒಂದು ಕೆಜಿ ಪೆಟ್ರೋಲ್ ಎಂಬುದು ಅಡುಗೆ ಭಟ್ಟರ ಲೆಕ್ಕ. ಪೂರ್ತಿ ಉರಿಯಲು ಅಷ್ಟು ಸಾಕು. ಟರ್ಬೊ ಎಂದರೆ ಗಂಡಿನ ಕಡೆಯವರು ಮುನ್ಸೂಚನೆಯಿಲ್ಲದೆ ತುಂಬಿಸಿ ತಂದ ಇನ್ನೂ ಎರಡು ಬಸ್ಸು. ಆಗ ಭಟ್ಟರ ಲೆಕ್ಕವೂ ನಡೆಯದು. ಅನುಪಾತವನ್ನು 12ರ ಆಸುಪಾಸಿಗೆ ತಂದು ಕೈಬಿಚ್ಚಿ ಬಡಿಸಬೇಕು, ಏಕೆಂದರೆ ಹೆಚ್ಚುವರಿ ಪೆಟ್ರೋಲು ಆವಿಯಾಗುತ್ತ ಸಿಲಿಂಡರಿನ ಕಾವನ್ನು ಇಳಿಸುತ್ತದೆ. ಸಾರು ಸಾಲದಿದ್ದರೆ ನೆಂಟರು ಗದ್ದಲ ಎಬ್ಬಿಸುತ್ತಾರೆ. ಎಂಜಿನ್ನಿನಲ್ಲಿ ಈ ಗದ್ದಲಕ್ಕೆ ನಾಕಿಂಗ್ ಎಂದು ಹೆಸರು. "ಹಂಗೇ ಓಡಿಸ್ತಾ ಹೋದ್ರೆ ಪಿಸ್ಟನ್ ತೂತು ಬೀಳುತ್ತೆ ಸಾರ್" ಎಂದು ನಮ್ಮ ಮೆಕ್ಯಾನಿಕ್ ಹೇಳಿದ. ಇದಕ್ಕಿಂತ ಸಂಕ್ಷಿಪ್ತವಾದ ವಾರ್ತಿಕ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಯಾರು ಬಡಿಸಬೇಕು ಎಂಬಲ್ಲಿ ಗ್ಯಾರೇಜು ಎರಡು ಪಂಥವಾಗಿ ಒಡೆಯುತ್ತದೆ. ಮೊದಲನೆಯವರು ಇಂಜೆಕ್ಟರ್‌ವಾದಿಗಳು. ಎಂಜಿನ್ 6000 ಆರ್‌ಪಿಎಂನಲ್ಲಿ ತಿರುಗುವಾಗ ಒಂದು ಪೂರ್ಣ ಆವೃತ್ತಿಗೆ ಸಿಗುವುದು 20 ಮಿಲಿಸೆಕೆಂಡ್. ಇಂಜೆಕ್ಟರು ಬಾಯಿ ತೆರೆದು, ಸುರಿದು, ಮುಚ್ಚುವುದೆಲ್ಲ ಅಷ್ಟರೊಳಗೆ. ಆ 20ರಲ್ಲಿ 16ನ್ನು ಮೀರಿ ತೆರೆದಿರಬಾರದು, ಅಂದರೆ ಶೇ. 80ರ ಗಡಿ ದಾಟಬಾರದು ಎಂಬುದು ಶಿಷ್ಟಾಚಾರ. ಬಡಿಸುವವನಿಗೂ ಸೌಟು ಎತ್ತಿ ಇಳಿಸಲು ಪುರುಸೊತ್ತು ಬೇಡವೇ? ಟರ್ಬೊ ಕಾರಿಗೆ ಒಂದು ಬಿಎಚ್‌ಪಿಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲ್ ಎಂದು ಹಿಡಿದರೆ, 220 ಬಿಎಚ್‌ಪಿಗೆ ಗಂಟೆಗೆ 60 ಕೆಜಿ, ಅಂದರೆ 80 ಲೀಟರು. ನಾಲ್ಕು ಇಂಜೆಕ್ಟರಿಗೆ ಹಂಚಿ, ಶೇ. 80ರ ಗಡಿ ಇಟ್ಟು ಲೆಕ್ಕ ಹಾಕಿದರೆ ಒಂದೊಂದೂ ನಿಮಿಷಕ್ಕೆ 420 ಸಿ.ಸಿ. ಸುರಿಯುವಂಥದ್ದಾಗಿರಬೇಕು. ಭಾವಮೈದ 550ರದ್ದು ತಂದ. "ಮುಂದಕ್ಕೆ ಬೇಕಾಗುತ್ತೆ" ಎಂದ. ಸೊಸೆ ಬರುವ ಮೊದಲೇ ತೊಟ್ಟಿಲು ಕೊಳ್ಳುವ ಜಾಯಮಾನ ಆ ಮನೆತನದ್ದು.

ಎರಡನೆಯವರು ಪಂಪ್‌ವಾದಿಗಳು. ಸಂಪಿನಿಂದ ನೀರೆತ್ತುವ ಮೋಟಾರೇ ಸೋತರೆ ನಲ್ಲಿ ದೊಡ್ಡದಿದ್ದು ಏನು ಪ್ರಯೋಜನ ಎಂಬುದು ಅವರ ಪ್ರಶ್ನೆ. (ಮದುವೆಮನೆಗೆ ಸಂಪು ಎಲ್ಲಿಂದ ಬಂತು ಎಂದು ಆಕ್ಷೇಪಿಸುವ ಆಲಂಕಾರಿಕರಿಗೆ ಉತ್ತರ: ಛತ್ರದಲ್ಲೂ ಸಂಪು ಇರುತ್ತದೆ.) ಗಂಟೆಗೆ 255 ಲೀಟರಿನ ಪಂಪು ಈ ಪಂಥದ ಆರಾಧ್ಯದೈವ. 80 ಲೀಟರು ಬೇಕಾದಲ್ಲಿ 255 ಏಕೆ? ಡಬ್ಬದ ಮೇಲಿನ ಅಂಕಿ ಬೇರೆ, ಇಂಜೆಕ್ಟರಿಗೆ ತಲುಪುವ ಪೆಟ್ರೋಲು ಬೇರೆ. ಒತ್ತಡ ಏರಿದಂತೆ ಪಂಪು ಎತ್ತುವ ಪ್ರಮಾಣ ಇಳಿಯುತ್ತದೆ, ವೋಲ್ಟೇಜು ಕುಸಿದರೆ ಇನ್ನಷ್ಟು ಇಳಿಯುತ್ತದೆ. ಮೋಟಾರಿನ ಮೇಲೆ ಬರೆದ ಎಚ್‌ಪಿ ನಂಬಿ ಮೂರನೇ ಮಹಡಿಯಲ್ಲಿ ಮೈಗೆ ಸೋಪು ಹಚ್ಚಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಟರ್ಬೊ ಬೇರೆ ಒಂದು ಬಾರ್ ಒತ್ತಡದಲ್ಲಿ ಒಳಗಿನಿಂದ ಊದುತ್ತಿರುತ್ತದೆ. ಹಾಗೆ ಊದುತ್ತಿರುವ ಬಾಯಿಗೆ ಸಾರು ಹೊಯ್ಯಬೇಕಾದರೆ ಸಾರಿನ ಒತ್ತಡವನ್ನೂ ಅಷ್ಟೇ ಏರಿಸಬೇಕು. ರೆಗ್ಯುಲೇಟರಿನ ಕೆಲಸ ಅದು.

ಇಲ್ಲೊಂದು ಉಪೇಕ್ಷಿತ ಅಧ್ಯಾಯವಿದೆ, ತಂತಿ. ಪಂಪಿಗೆ ಹೋಗುವ ಹಳೆಯ ಸಪೂರ ವೈರಿನಲ್ಲಿ ದಾರಿಯಲ್ಲೇ ವೋಲ್ಟು ಸೋರಿಹೋಗುತ್ತದೆ. ಬ್ಯಾಟರಿಯಿಂದ ನೇರ ದಪ್ಪ ವೈರು ಎಳೆದು, ನಡುವೆ ಫ್ಯೂಸು, ರಿಲೇ ಕೂರಿಸಿದರೆ ಇರುವ ಪಂಪೇ ಚುರುಕಾಗುತ್ತದೆ. ಹಾಕಿದ ದುಡ್ಡಿಗೆ ತಕ್ಕ ಫಲ ಕೊಡುವುದು ಇಡೀ ಶಾಸ್ತ್ರದಲ್ಲಿ ಇದೊಂದೇ. ಅಗ್ಗವಾದ್ದರಿಂದ ಇದನ್ನು ಯಾರೂ ಬೋಧಿಸುವುದಿಲ್ಲ. ಹಾಗೆಯೇ ಟ್ಯಾಂಕಿನೊಳಗಿನ ಪಂಪನ್ನು ತಂಪಾಗಿಡುವುದು ಅದನ್ನು ಸುತ್ತಿರುವ ಪೆಟ್ರೋಲೇ. ಟ್ಯಾಂಕು ಕಾಲು ಭಾಗಕ್ಕಿಂತ ಕೆಳಗಿಳಿದಾಗ ತಿರುವಿನಲ್ಲಿ ಜೋರಾಗಿ ಹೊರಳಿಸಿದರೆ ಪೆಟ್ರೋಲು ಒಂದು ಮಗ್ಗುಲಿಗೆ ಸರಿಯುತ್ತದೆ, ಪಂಪು ಗಾಳಿ ಕುಡಿಯುತ್ತದೆ. ದುಬಾರಿ ಬಿಡಿಭಾಗ ಕೂರಿಸಿಕೊಂಡವರೇ ಇನ್ನೂರು ರೂಪಾಯಿ ಪೆಟ್ರೋಲ್ ಹಾಕಿಸಿ ಓಡಾಡುವುದನ್ನು ನಾನು ಕಂಡಿದ್ದೇನೆ. ಹೆಸರು ಹೇಳುವುದಿಲ್ಲ, ಮನೆಯಲ್ಲಿ ಓದುತ್ತಾರೆ.

ಇನ್ನು ಮಂಡ್ಯ ಪ್ರಕರಣ. ಬಂಕಿನಲ್ಲಿ ಈಗ ಸಿಗುವ ಪೆಟ್ರೋಲಿನಲ್ಲಿ ಐದರಲ್ಲೊಂದು ಪಾಲು ಎಥನಾಲ್, ಕಬ್ಬಿನಿಂದಲೂ ತೆಗೆಯುವಂಥದ್ದು. ಅದು ನಾಕಿಂಗನ್ನು ತಡೆಯುತ್ತದೆ ನಿಜ, ಆದರೆ ಲೀಟರಿಗೆ ಕೊಡುವ ಶಕ್ತಿ ಕಡಿಮೆ. ಅಚ್ಚ ಎಥನಾಲಿಗೆ ಒಂದು ಕೆಜಿಗೆ ಒಂಬತ್ತೇ ಕೆಜಿ ಗಾಳಿ ಸಾಕು. ಅಂದಮೇಲೆ ಅಷ್ಟೇ ನೆಂಟರಿಗೆ ಹೆಚ್ಚು ಸುರಿಯಬೇಕು. ಕಬ್ಬಿನ ಗದ್ದೆಯಲ್ಲಿ ಆದ ಬದಲಾವಣೆಗೆ ಇಂಜೆಕ್ಟರು ಬಾಯಿ ಅಗಲಿಸಬೇಕಾಗಿ ಬಂದದ್ದು ಕೃಷಿ ಮತ್ತು ಯಂತ್ರಶಾಸ್ತ್ರಗಳ ಅಂತರಶಿಸ್ತೀಯ ಅಧ್ಯಯನಕ್ಕೆ ತಕ್ಕ ವಸ್ತು. ಸ್ಮೃತಿವಿರೋಧವೂ ಒಂದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇಂಥ ಮಾರ್ಪಾಡುಗಳನ್ನು ಮೆಚ್ಚುವುದಿಲ್ಲ. ಈ ಕಲಮನ್ನು ಓದಿ ಹೇಳಿದಾಗ ಭಾವಮೈದ ಹೊರಗೆ ಯಾರೋ ಕರೆದರೆಂದು ಎದ್ದುಹೋದ.

ಪೂರ್ವಸೂರಿಗಳನ್ನು ನೆನೆಯದೆ ಮುಂದುವರಿಯಬಾರದು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನ ಥಟ್ಟನೆ ಮೂಗು ತಗ್ಗಿಸಿದರೆ ಅದರ ಮರ್ಲಿನ್ ಎಂಜಿನ್ ಕೆಮ್ಮುತ್ತಿತ್ತು. ಕಾರ್ಬ್ಯುರೇಟರಿಗೆ ಮೊದಲು ಇಂಧನದ ಬರ, ಹಿಂದೆಯೇ ನೆರೆ. ಜರ್ಮನಿಯ ಮೆಸ್ಸರ್‌ಶ್ಮಿಟ್‌ಗೆ ಇಂಜೆಕ್ಷನ್ ಇದ್ದುದರಿಂದ ಆ ಬಾಧೆಯಿರಲಿಲ್ಲ. 1941ರಲ್ಲಿ ಫಾರ್ನ್‌ಬರೋದ ಎಂಜಿನಿಯರ್ ಬೀಟ್ರಿಸ್ ಶಿಲ್ಲಿಂಗ್ ನಡುವೆ ತೂತಿರುವ ಒಂದು ಪುಟ್ಟ ಲೋಹದ ಬಿಲ್ಲೆ ಹಾಕಿಸಿ ನೆರೆಯನ್ನು ತಡೆದರು. ಬ್ರೂಕ್‌ಲ್ಯಾಂಡ್ಸ್ ಪಥದಲ್ಲಿ ಬೈಕಿನ ಮೇಲೆ ಗಂಟೆಗೆ 100 ಮೈಲಿ ದಾಟಿದ್ದ ಹೆಣ್ಣುಮಗಳು ಆಕೆ. ವೇಗದ ಹುಚ್ಚು ನಮ್ಮವನಿಗಿಂತ ಕಡಿಮೆಯಿರಲಿಲ್ಲ. ಆದರೂ ಆಕೆ ಮಾಡಿದ ಸುಧಾರಣೆ, ಪೂರೈಕೆಯನ್ನು ಅಳತೆಗೆ ತಂದದ್ದು. ಈ ಕಥೆಯನ್ನು ಭಾವಮೈದನಿಗೆ ಸವಿಸ್ತಾರವಾಗಿ ಹೇಳಿದೆ. "ಆ ಬಿಲ್ಲೆ ಜೆ.ಸಿ. ರೋಡ್ ಸ್ಪೇರ್ ಅಂಗಡೀಲಿ ಸಿಗುತ್ತಾ ಭಾವ?" ಎಂದ.

ಕ್ಷೇತ್ರಕಾರ್ಯ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ನಡೆಯಿತು. ಸೋಮವಾರ ಬೆಳಿಗ್ಗೆ ಒಂಬತ್ತೂವರೆ. ಗಂಟೆಗೆ 80 ಲೀಟರು ಸುರಿಯಲು ಸಿದ್ಧವಾಗಿ ನಿಂತ ವ್ಯವಸ್ಥೆಯಿಂದ ನಿಂತಲ್ಲೇ ಉರಿಯುವ ಎಂಜಿನ್ನು ಕೇಳಿದ್ದು ಗಂಟೆಗೆ ಒಂದು ಲೀಟರಿಗಿಂತಲೂ ಕಡಿಮೆ. ದೊಡ್ಡ ಇಂಜೆಕ್ಟರಿಗೆ ಅಷ್ಟು ಚಿಟಿಕೆ ಬಡಿಸಲು ಬರುವುದಿಲ್ಲ. ಒಂದೆರಡು ಮಿಲಿಸೆಕೆಂಡಿನಲ್ಲಿ ಬಾಯಿ ತೆರೆದು ಮುಚ್ಚುವಷ್ಟರಲ್ಲಿ ಅಳತೆ ತಪ್ಪುತ್ತದೆ. ಬಕೆಟ್ಟಿನಿಂದ ತೀರ್ಥ ಕೊಟ್ಟ ಹಾಗೆ. ಕಾರು ನಡುಗಿತು, ಕೆಮ್ಮಿತು, ಹಸಿ ಪೆಟ್ರೋಲು ನಾತ ಹೊಡೆಯಿತು, ನಿಂತಿತು. ಹಿಂದಿನ ಬಿಎಂಟಿಸಿ ಬಸ್ಸಿನ ಚಾಲಕರು ಮಾಡಿದ ಟೀಕೆಯನ್ನು ಪರಿಶಿಷ್ಟದಲ್ಲೂ ಕೊಡುವಂತಿಲ್ಲ.

ಅಳತೆ ಸರಿಪಡಿಸಲೆಂದು, ಬಡಿಸುವುದನ್ನು ಆಳುವ ಗಣಕದ, ಅಂದರೆ ಇಸಿಯುವಿನ, ಮ್ಯಾಪಿಂಗ್ ಎರಡು ಸಲ ಆಗಿದೆ, ಮೂರನೆಯದಕ್ಕೆ ನಾನು ಅನುದಾನ ನಿಲ್ಲಿಸಿದ್ದೇನೆ. ಭಾವಮೈದ ಈಗ ಹಳದಿ ಮಾರ್ಗದ ಮೆಟ್ರೋದಲ್ಲಿ ಆಫೀಸಿಗೆ ಹೋಗಿ ಬರುತ್ತಿದ್ದಾನೆ. ಕಾರು ಮನೆ ಮುಂದೆ ಹೊದಿಕೆ ಹೊದ್ದು ನಿಂತಿದೆ. ಮೂಲಪಾಠವನ್ನು ಕಣ್ಣಾರೆ ಪರಿಶೀಲಿಸಬಯಸುವ ವಿದ್ವಾಂಸರು ಭಾನುವಾರ ಬರಬಹುದು; ಕೊಳ್ಳುವವರಾದರೆ ಯಾವ ವಾರವಾದರೂ ಸರಿ. ಟ್ಯಾಂಕು ಅರ್ಧಕ್ಕಿಂತ ಮೇಲೆಯೇ ಇದೆ.